ಅಡುಗೆಮನೆ ಗೋಡೆಯ ಶ್ರೀಗಂಧ

ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇರುವುದು ಒಂದು ಗಿಡಕ್ಕೆ. ಲಿಂಗಸುಗೂರಿನ ನಮ್ಮ ಅಡುಗೆಮನೆಯ ಗೋಡೆಗೆ ಆತುಕೊಂಡು ಅದು ತಾನಾಗಿಯೇ ಹುಟ್ಟಿತು. ಯಾವುದೋ ಹಕ್ಕಿ ಬೀಜ ಉದುರಿಸಿ ಹೋಗಿರಬೇಕು. ನನ್ನ ಹೆಂಡತಿ ಶರಣಮ್ಮ ಅದರ ಮೇಲೆ ಮಸಿಬಟ್ಟೆ ಒಣಹಾಕುತ್ತಿದ್ದಳು. ಒಮ್ಮೆ ಗುರುಗುಂಟಾದಿಂದ ಬಂದ ಅವಳ ತಮ್ಮ ಎಲೆ ಹಿಡಿದು ನೋಡಿ, "ಅಕ್ಕಾ, ಇದು ಶ್ರೀಗಂಧ! ಪರ್ಮಿಷನ್ ಇಲ್ದ ಕೊಡ್ಲಿ ಹಚ್ಚಬ್ಯಾಡ್ರಿ ಮತ್ತ" ಎಂದ. ಅಂದೇ ಮಸಿಬಟ್ಟೆ ಕೆಳಗಿಳಿಯಿತು. ಕಳ್ಳರ ಕಿವಿಗೆ ಬಿದ್ದೀತೆಂದು ನಾವು ಗಿಡದ ವಿಷಯವನ್ನು ಪಿಸುಗುಟ್ಟಿಯೇ ಆಡತೊಡಗಿದೆವು.

ಶ್ರೀಗಂಧ ನೆರೆಯ ಗಿಡಗಳ ಬೇರಿಗೆ ತನ್ನ ಬೇರು ಅಂಟಿಸಿ ಉಣ್ಣುತ್ತದಂತೆ. ನಮ್ಮ ಕರಿಬೇವು ಸೊರಗಿದ್ದೇಕೆಂದು ಆಮೇಲೆ ತಿಳಿಯಿತು. ಪಕ್ಕದವರ ಊಟಕ್ಕೆ ಕೈಹಾಕಿಯೂ ಇಷ್ಟು ಗಂಭೀರವಾಗಿ ನಿಲ್ಲುವ ಕಲೆ, ಬಟ್ಟೆ ಅಂಗಡಿಯಲ್ಲಿ ಆಯುಷ್ಯ ಕಳೆದ ನನಗೂ ಬಂದಿಲ್ಲ.

ಈ ಮಳೆಗಾಲದಲ್ಲಿ ಒಂದು ಟೊಂಗೆ ಅಡುಗೆಮನೆಯ ಚಾವಣಿಯ ತಗಡಿನ ಕೆಳಗೆ ತೂರಿತು. ಗಾಳಿಗೆ ತಗಡು ಎದ್ದಾಗೆಲ್ಲ ರೊಟ್ಟಿಯ ಹಿಟ್ಟಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

"ಟೊಂಗಿ ಕಡಸ್ತೀರೋ, ಇಲ್ಲಾ ನಿಮ್ಮ ಅಂಗಡ್ಯಾಗ ಒಲಿ ಹೂಡ್ಲೋ?" ಎಂದಳು ಶರಣಮ್ಮ.

ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟೆ. ಒಂದು ಮುಂಜಾನೆ ಬಾಗಿಲಲ್ಲಿ ಜೀಪು ನಿಂತಿತು. ನಮ್ಮ ಪಿಸುಮಾತುಗಳೆಲ್ಲ ವ್ಯರ್ಥವಾಗಿ ಓಣಿಗೆ ಓಣಿಯೇ ಸೇರಿತು. ಇಳಿದವರು ಯುವ ಅಧಿಕಾರಿಣಿ. ಸುತ್ತ ನೋಡಿ, "ತಗಡಿಗೆ ತಾಗಿದ್ದಷ್ಟ ಕಡಸ್ರಿ. ನಾ ಇಲ್ಲೇ ನಿಂದರ್ತೀನಿ" ಎಂದರು.

ಟೊಂಗೆ ನೆಲಕ್ಕೆ ಬಿದ್ದದ್ದೇ ತಡ, ಎಲ್ಲರ ಮೂಗುಗಳೂ ಮುಂದೆ ಬಂದವು. ಎದುರು ಮನೆಯ ಗಂಗಮ್ಮತ್ತೆ ಒಂದು ಚೂರು ಎತ್ತಿ ಮೂಸಿದಳು. ಮತ್ತೆ ಮೂಸಿದಳು.

"ಯವ್ವಾ, ನನಗ ನೆಗಡಿ ಆಗೈತೇನು?"

ಅಧಿಕಾರಿಣಿ ನಕ್ಕರು. "ಎಳೀ ಗಿಡ ಐತಿ ಅತ್ತಿ. ಒಳಗಿನ ಕಟ್ಟಿಗಿ ಬಲೀಬೇಕು, ಆಮ್ಯಾಲ ವಾಸನಿ."

"ಇದಕ್ಕ ಇಷ್ಟ ದಿನ ಬಾಗಲಾ ಹಾಕ್ಕೊಂಡು ಕುಂತಿದ್ರೇನು?" ಎಂದು ಗಂಗಮ್ಮತ್ತೆ ಚೂರನ್ನು, ಟೊಂಗೆ ಹೇರುತ್ತಿದ್ದ ಇಲಾಖೆಯ ಜೀಪಿಗೆ ಎಸೆದು ಹೊರಟಳು. ಓಣಿ ಖಾಲಿಯಾಯಿತು. ಕಳ್ಳರ ಭಯವೇನೋ ಹೋಯಿತು. ಜೊತೆಗೆ ನಮ್ಮ ದೊಡ್ಡಸ್ತಿಕೆಯೂ ಹೋಯಿತು.

"ಇಷ್ಟು ವರ್ಷ ಕಾದ್ರೂ ಒಂದೀಟೂ ವಾಸನಿ ಇಲ್ಲಂದ್ರ ಹ್ಯಾಂಗ?" ಎಂದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಗೊಣಗಿದೆ.

ಶರಣಮ್ಮ ಒಣ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತ, ತಲೆ ಎತ್ತದೆಯೇ ಹೇಳಿದಳು: "ಅದಕ್ಕಿನ್ನೂ ಟೈಮ್ ಐತ್ರಿ. ನಿಮಗ ಅರವತ್ತಾತು, ನಾ ಇನ್ನೂ ಕಾಯಾಕತ್ತಿಲ್ಲೇನು?"