ತೂಕದ ಕಲ್ಲಿನ ಅಡಿಯಲ್ಲಿದ್ದ ಮೇಣ

1971ರಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಆಗ ನನಗೆ ಮೂವತ್ತೊಂದು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ, ಒಂದು ವರ್ಷದ ದೈಹಿಕ ಶಿಕ್ಷಣದ ಸರ್ಟಿಫಿಕೇಟ್ ಪಡೆದದ್ದಷ್ಟೇ ನನ್ನ ಓದು. ಮಿಕ್ಕದ್ದೆಲ್ಲ ದೇವನಹಳ್ಳಿ ಕಡೆಯ ಒಂದು ಗರಡಿಮನೆಯಲ್ಲಿ ಕಲಿತದ್ದು. ಸೇರಿ ನಾಲ್ಕು ವರ್ಷವಾಗಿದ್ದರೂ ಕೆಲಸ ಖಾಯಂ ಆಗಿರಲಿಲ್ಲ. ಆಮೇಲೆ ಖಾಯಂ ಆಯಿತು, ಒಟ್ಟು ಮೂವತ್ತೊಂದು ವರ್ಷ ಸೇವೆ ಮಾಡಿ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಭಾಷಣ ಮಾಡಿದವರೆಲ್ಲ ನನ್ನ ಶಿಸ್ತನ್ನು ಹೊಗಳಿದರು. ಹಾರ ಹಾಕಿಸಿಕೊಂಡು ತಲೆ ತಗ್ಗಿಸಿ ಕುಳಿತಿದ್ದೆ. ಅದನ್ನು ಅವರು ವಿನಯ ಎಂದುಕೊಂಡಿರಬೇಕು. ಆ ಶಿಸ್ತಿನಿಂದ ಒಬ್ಬ ಹುಡುಗ ಸತ್ತಿದ್ದಾನೆ. ಅದನ್ನು ಈ ತನಕ ಯಾರಿಗೂ ಹೇಳಿಲ್ಲ.

ಅವನ ಹೆಸರು ಕೆಂಪರಾಜು. ನನ್ನ ಹಳೆಯ ವಿದ್ಯಾರ್ಥಿ, ಮಧುರೆ ಹೋಬಳಿಯ ಒಂದು ಹಳ್ಳಿಯವನು. ಆಗ ಹತ್ತೊಂಬತ್ತು ವರ್ಷ. ತಂದೆ ಇರಲಿಲ್ಲ. ತಾಯಿ ಹೊನ್ನಮ್ಮ ನಾಲ್ಕು ಎಕರೆ ಬೇಸಾಯ ನೋಡಿಕೊಂಡು ಒಬ್ಬನೇ ಮಗನಿಗೆ ಹೊಟ್ಟೆ ತುಂಬ ಉಣ್ಣಿಸಿ ಬೆಳೆಸಿದ್ದಳು. ಐದಡಿ ಆರಂಗುಲದ ಆಳು, ಮೈ ಮಾತ್ರ ಎರಡಾಳಿನದು. ಸ್ಕೂಲಿನಲ್ಲಿ ಅವನನ್ನು ಎಲ್ಲರೂ ‘ಕಣಜ’ ಎಂದು ಕರೆಯುತ್ತಿದ್ದರು. ಕರೆದವರ ಜೊತೆ ಅವನೂ ನಗುತ್ತಿದ್ದ.

ಬಸ್‌ ಸ್ಟ್ಯಾಂಡಿನ ಹತ್ತಿರದ ಕ್ಷೌರದಂಗಡಿಯಲ್ಲಿ ಕನ್ನಡಿಯ ಪಕ್ಕ ಯಾವುದೋ ವಿದೇಶಿ ಪತ್ರಿಕೆಯ ಹಾಳೆಯೊಂದನ್ನು ಅಂಟಿಸಿದ್ದರು. ಮನೆಯೆತ್ತರದ ಸಮುದ್ರದ ಅಲೆ, ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಕೈ ಚಾಚಿ ನಿಂತ ಒಬ್ಬ ಮನುಷ್ಯ. ರಾಜು ಆ ಚಿತ್ರಕ್ಕೆ ಮನಸೋತಿದ್ದ. ಒಂದು ದಿನ ನಾನು ಕ್ಷೌರಕ್ಕೆ ಕುಳಿತಿದ್ದಾಗ ಅದನ್ನು ತೋರಿಸಿದ.

“ನೋಡಿ ಸಾರ್, ಏನೂ ಹಿಡ್ಕಂಡಿಲ್ಲ, ಆದ್ರೂ ಬೀಳ್ತಿಲ್ಲ. ನಾನೂ ಹಿಂಗೆ ನಿಂತ್ಕಬೇಕು ಸಾರ್.”

“ನಿನ್ನ ಹೊರೋ ಅಲೆ ಎಲ್ಲೈತೋ ಕಣಜ? ನೀನ್ ಹತ್ತಿದ್ರೆ ಸಮುದ್ರಾನೇ ಕೋಡಿ ಬೀಳ್ತದೆ,” ಎಂದ ಕ್ಷೌರದವನು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆ ಸಲ ರಾಜು ಮಾತ್ರ ನಗಲಿಲ್ಲ.

ಅವನು ಸಮುದ್ರವನ್ನೇ ನೋಡಿರಲಿಲ್ಲ. ಸಮುದ್ರಕ್ಕೆ ಹೋಗಲು ಅವನಿಗೆ ಗೊತ್ತಿದ್ದ ದಾರಿ ಒಂದೇ, ನೌಕಾಪಡೆ ಸೇರುವುದು. ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಭರ್ತಿ ಇದೆಯೆಂದು ತಿಳಿದು ನನ್ನ ಬಳಿ ಬಂದ. ನಾನು ವಿಚಾರಿಸಿ ಬರೆದುಕೊಂಡಿದ್ದ ಪಟ್ಟಿಯ ಪ್ರಕಾರ ಅವನ ಎತ್ತರಕ್ಕೆ ತೂಕ ಅರವತ್ತೆರಡು ಕಿಲೋ ಮೀರಬಾರದಿತ್ತು. ಮೂರು ತಿಂಗಳು ಸಮಯವಿತ್ತು. “ಇಳಿಸ್ತೀನಿ ಬಾ” ಎಂದೆ. ಹಾಗೆ ಹೇಳುವಾಗ ನನ್ನ ಕಣ್ಣ ಮುಂದೆ ಅವನಿಗಿಂತ ಹೆಚ್ಚಾಗಿ ಆಡಳಿತ ಮಂಡಳಿಯವರಿದ್ದರು. ಕಣಜವನ್ನು ಸಿಪಾಯಿ ಮಾಡಿದ ಮೇಷ್ಟ್ರನ್ನು ಖಾಯಂ ಮಾಡದೆ ಇರುತ್ತಾರೆಯೇ?

ತಾಯಿಯ ಒಪ್ಪಿಗೆ ಕೇಳಲು ಅವರ ಹಳ್ಳಿಗೆ ಸೈಕಲ್ ತುಳಿದುಕೊಂಡು ಹೋದೆ. ಹೊನ್ನಮ್ಮ ನಾನು ಯಾರೆಂದು ಕೇಳುವ ಮೊದಲೇ ಒಂದು ಚೊಂಬು ನೀರು, ಒಂದು ಅಚ್ಚು ಬೆಲ್ಲ ತಂದು ಮುಂದಿಟ್ಟಳು. ಕುಡಿದ ಮೇಲೆ ವಿಷಯ ಹೇಳಿದೆ.

“ತಿನ್ನೋ ಕೂಳಿಗೂ ಇನ್ಮೇಲೆ ನಿಮ್ಮನ್ನ ಕೇಳ್ಬೇಕಾ ಮೇಷ್ಟ್ರೇ?” ಎಂದಳು.

“ಮೂರೇ ತಿಂಗಳು ಕಣಮ್ಮ.”

“ನೀವು ಓದಿದೋರು. ನಿಮ್ಮ ಮಗ ಅಂದ್ಕಂಡು ನೋಡ್ಕಳಿ.”

ಅಂದೇ ರಾಜುವನ್ನು ಜೊತೆಗೆ ಕರೆತಂದು ನನ್ನ ಕೋಣೆಯಲ್ಲೇ ಇರಿಸಿಕೊಂಡೆ. ಮನುಷ್ಯನನ್ನು ತೂಗುವ ಯಂತ್ರ ನಮ್ಮ ಸ್ಕೂಲಿನಲ್ಲಿರಲಿಲ್ಲ. ಸ್ಕೂಲಿನ ಎದುರಿಗೇ ಪಿಳ್ಳಪ್ಪನವರ ಸೌದೆ ಡಿಪೋ ಇತ್ತು. ಅಲ್ಲಿ ತೊಲೆಗೆ ನೇತುಹಾಕಿದ ದೊಡ್ಡ ತಕ್ಕಡಿ. ಒಂದು ಕಡೆಯ ಹಲಗೆಯ ಮೇಲೆ ಸೌದೆ, ಇನ್ನೊಂದು ಕಡೆ ಕಬ್ಬಿಣದ ತೂಕದ ಕಲ್ಲು. ಪಿಳ್ಳಪ್ಪನವರು ನಮ್ಮ ಸ್ಕೂಲಿನ ಆಡಳಿತ ಮಂಡಳಿಯ ಸದಸ್ಯರೂ ಆಗಿದ್ದರು. ಜನವರಿಯ ಎರಡನೇ ಭಾನುವಾರ ರಾಜುವನ್ನು ಸೌದೆಯ ಹಲಗೆಯ ಮೇಲೆ ಕೂರಿಸಿದೆವು. ಎಂಬತ್ತೊಂದು ಕಿಲೋ.

“ಹಸೀ ಸೌದೆ ಕಣ್ರೀ ಮೇಷ್ಟ್ರೇ, ಒಣಗಿಸ್ಬೇಕು,” ಎಂದು ಪಿಳ್ಳಪ್ಪನವರು ನಕ್ಕರು. ಪಕ್ಕದ ಟೀ ಅಂಗಡಿಯವನು ತನ್ನ ಬೋರ್ಡಿನಲ್ಲಿ ಇಡ್ಲಿ, ವಡೆಯ ಕೆಳಗೆ ‘ರಾಜು 81’ ಎಂದು ಸೀಮೆಸುಣ್ಣದಲ್ಲಿ ಬರೆದ. ಅಲ್ಲಿಂದ ಪ್ರತಿ ಭಾನುವಾರ ಅದೊಂದು ತಮಾಷೆಯಾಯಿತು. ಜನ ಸೇರುತ್ತಿದ್ದರು. “ಏನ್ ಗುರು, ಈ ವಾರ ಎಷ್ಟು ಸೇರು ಕಮ್ಮಿ?” ಎಂದು ಕೇಳುತ್ತಿದ್ದರು. ಅಂಕಿ ಇಳಿದಂತೆಲ್ಲ ನನ್ನ ಎದೆ ಉಬ್ಬುತ್ತಿತ್ತು.

ನನ್ನ ಕ್ರಮ ಹೀಗಿತ್ತು. ಬೆಳಿಗ್ಗೆ ಕೆರೆ ಏರಿಯ ಮೇಲೆ ಮೂರು ಸುತ್ತು ಓಟ, ಆಮೇಲೆ ಈಜು. ಮುದ್ದೆ ಒಂದು ಹೊತ್ತಿಗೆ ಅರ್ಧ, ಬೇಯಿಸಿದ ಸೊಪ್ಪು, ನೀರು ಮಜ್ಜಿಗೆ. ಭರ್ತಿಯಲ್ಲಿ ಈಜಿನ ಪರೀಕ್ಷೆ ಇರಲಿಲ್ಲ. ಆದರೆ ಅದು ರಾಜುವಿನ ಆಸೆಯಾಗಿತ್ತು, ಮೈಯೂ ಕರಗುತ್ತದೆಂದು ನಾನು ಒಪ್ಪಿದೆ. ಹಳೇ ಬಾಗಿಲಿನ ಹಲಗೆಯೊಂದನ್ನು ಬಡಗಿಯ ಕೈಲಿ ತುದಿ ದುಂಡಗೆ ಮಾಡಿಸಿ ತಂದಿದ್ದ. ಈಜು ಮುಗಿದ ಮೇಲೆ ಗಾಳಿಗೆ ಕೆರೆಯಲ್ಲಿ ಏಳುವ ಗೇಣುದ್ದದ ಅಲೆಗಳ ನಡುವೆ ಅದರ ಮೇಲೆ ನಿಲ್ಲಲು ನೋಡಿ ಬೀಳುತ್ತಿದ್ದ. ಮತ್ತೆ ಹತ್ತುತ್ತಿದ್ದ. ಬಟ್ಟೆ ಒಗೆಯುವ ಮುನಿಸ್ವಾಮಿ, “ರಾಜಣ್ಣ, ಎಮ್ಮೆನೂ ನಿನಗಿಂತ ಚೆನ್ನಾಗಿ ನಿಲ್ತದೆ!” ಎಂದು ಕೂಗಿದರೆ, “ಎಮ್ಮೆಗೆ ನಾಕ್ ಕಾಲು ಕಣಣ್ಣ!” ಎಂದು ನೀರಿನಿಂದಲೇ ಉತ್ತರ ಕೊಡುತ್ತಿದ್ದ. ಮಾರ್ಚ್ ಕೊನೆಯ ಒಂದು ದಿನ ನಿಂತೇಬಿಟ್ಟ. ಹತ್ತು ಎಣಿಸುವಷ್ಟು ಹೊತ್ತು, ಆ ಚಿತ್ರದ ಮನುಷ್ಯನ ಹಾಗೆ ಕೈ ಚಾಚಿ.

ಭರ್ತಿಗೆ ಎಂಟು ದಿನವಿತ್ತು. ಭಾನುವಾರ ಡಿಪೋದ ತಕ್ಕಡಿ ಅರವತ್ತೈದು ತೋರಿಸಿತು, ಬೋರ್ಡಿನ ಮೇಲೆ ಅದೇ ಬಿತ್ತು. ಮಾರನೆಯ ದಿನ ರಾಜು ಓಡಿಬಂದ. ರೈಲ್ವೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ತೂಗುವ ಕಾಟದ ಮೇಲೆ ಹತ್ತಿ ನಿಂತಿದ್ದನಂತೆ.

“ಸಾರ್, ಅಲ್ಲಿ ಅರವತ್ತೊಂದೂವರೆ ಬಂತು! ಆಗೋಯ್ತು ಸಾರ್!”

ಊರೆಲ್ಲ ನೋಡುತ್ತಿದ್ದ ಬೋರ್ಡು ನನ್ನದು. ಅದನ್ನು ಯಾವುದೋ ಮೂಟೆ ತೂಗುವ ಕಾಟ ಸುಳ್ಳು ಮಾಡುವುದೆಂದರೇನು? “ಅದು ತುಕ್ಕು ಹಿಡಿದ ಕಾಟ ಕಣೋ. ಉಣ್ಣೋಕೆ ನೆಪ ಹುಡುಕ್ತಿದೀಯಾ?” ಎಂದು ಗದರಿದೆ. ಅವನ ಮುಖ ಸಣ್ಣದಾಯಿತು. “ಇಲ್ಲ ಸಾರ್, ನೀವ್ ಹೇಳ್ದಂಗೆ,” ಎಂದ.

ಆದರೂ ಮನಸ್ಸು ತಡೆಯಲಿಲ್ಲ. ಮಂಗಳವಾರ ಮಧ್ಯಾಹ್ನ ಸ್ಕೂಲಿನ ಬಿಡುವಿನಲ್ಲಿ ಡಿಪೋಗೆ ಹೋದೆ. ಪಿಳ್ಳಪ್ಪನವರು ಊಟಕ್ಕೆ ಹೋಗಿದ್ದರು. ಇಪ್ಪತ್ತು ಕಿಲೋದ ಮೂರು ಕಲ್ಲುಗಳಲ್ಲಿ ಒಂದನ್ನು ಮಗುಚಿ ನೋಡಿದೆ. ಅಡಿಯಲ್ಲಿ ಅಂಗೈ ಅಗಲಕ್ಕೆ ಕಬ್ಬಿಣ ಕೊರೆದು, ಕಪ್ಪು ಬಳಿದ ಮೇಣ ತುಂಬಿತ್ತು. ಹೆಬ್ಬೆರಳಿನ ಉಗುರು ಒತ್ತಿದರೆ ಒಳಗೆ ಇಳಿಯಿತು. ಮಿಕ್ಕ ಎರಡು ಕಲ್ಲುಗಳೂ ಹಾಗೆಯೇ ಇದ್ದವು. ಒಂದೊಂದೂ ಇರಬೇಕಾದ್ದಕ್ಕಿಂತ ಒಂದು ಕಿಲೋಗೂ ಜಾಸ್ತಿ ಹಗುರ. ಕೊಳ್ಳುವವರಿಗೆ ಸೌದೆ ಕಡಿಮೆ ಕೊಡಲು ಮಾಡಿದ ಏರ್ಪಾಡು. ಅದರಲ್ಲಿ ತೂಗಿದ ಮನುಷ್ಯ ಇರುವುದಕ್ಕಿಂತ ಭಾರವಾಗಿ ಕಾಣುತ್ತಾನೆ. ಅಂದರೆ ರೈಲ್ವೆ ಕಾಟ ಹೇಳಿದ್ದೇ ಸರಿ. ರಾಜು ಆಗಲೇ ಗುರಿ ಮುಟ್ಟಿದ್ದ.

ಕಲ್ಲುಗಳನ್ನು ಮೊದಲಿದ್ದ ಹಾಗೆ ಇಟ್ಟು ಬಂದೆ.

ಏಕೆ ಸುಮ್ಮನಿದ್ದೆ ಎಂದು ಎಷ್ಟು ಸಾವಿರ ಸಲ ನನ್ನನ್ನು ಕೇಳಿಕೊಂಡಿದ್ದೇನೋ. ರಾಜುವಿಗೆ ಹೇಳಿದರೆ ಅವನ ಬಾಯಲ್ಲಿ ಮಾತು ನಿಲ್ಲುತ್ತಿರಲಿಲ್ಲ, ಟೀ ಅಂಗಡಿಗೆ ತಲುಪುತ್ತಿತ್ತು. ಅಲ್ಲಿಂದ ಪಿಳ್ಳಪ್ಪನವರ ಕಿವಿಗೆ, ಆಮೇಲೆ ನನ್ನ ಕೆಲಸಕ್ಕೆ ಸಂಚಕಾರ. ಮೂರು ತಿಂಗಳು ಸುಳ್ಳು ತಕ್ಕಡಿಯನ್ನು ನಂಬಿದ ಮೇಷ್ಟ್ರು ಎಂದು ನಗೆಪಾಟಲಾಗುತ್ತಿದ್ದೆ. ಇನ್ನೊಂದು ಮೂರು ಕಿಲೋ ಇಳಿದರೆ ಹುಡುಗನಿಗೇನು ನಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೆಂಗಳೂರಿಗೆ ಹೊರಡುವ ಮೊದಲು, ಶನಿವಾರ ತಕ್ಕಡಿಯಲ್ಲಿ ಅರವತ್ತೆರಡು ಬಂದರೆ ಬೋರ್ಡೂ ಸರಿ, ಹುಡುಗನೂ ಸರಿ.

ಅದಕ್ಕೆ ಗರಡಿಯ ಉಪಾಯ ಹಿಡಿದೆ. ಕುಸ್ತಿಗೆ ಜೋಡಿ ಕಟ್ಟುವ ಮೊದಲು ತೂಕ ಇಳಿಸಬೇಕಾದರೆ ಪೈಲ್ವಾನರು ಮೈಗೆ ಕಂಬಳಿ ಸುತ್ತಿಕೊಂಡು ಬಿಸಿಲಲ್ಲಿ ಓಡುತ್ತಿದ್ದರು, ನೀರು ಕುಡಿಯುವುದನ್ನು ಬಿಡುತ್ತಿದ್ದರು. ಎರಡು ದಿನದಲ್ಲಿ ಮೂರು ಕಿಲೋ ಹೋಗುತ್ತಿತ್ತು. ತೂಗಿದ ಕೂಡಲೇ ಅವರಿಗೆ ಪಾನಕ ಕುಡಿಸಿ ಮಲಗಿಸುತ್ತಿದ್ದರೆಂಬುದನ್ನೂ ನಾನು ನೋಡಿದ್ದೆ. ಗುರುವಾರ ಸಂಜೆಯಿಂದ ರಾಜುವಿಗೆ ನೀರು ನಿಲ್ಲಿಸಿದೆ. ಶುಕ್ರವಾರ ಎರಡು ಗುಟುಕು ಮಜ್ಜಿಗೆ, ಅಷ್ಟೇ.

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಕೆರೆ ಏರಿಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಕಂಬಳಿ ಸುತ್ತಿಕೊಂಡು ಮೂರು ಸುತ್ತು ಓಡಿದ. ಮೂರನೆಯ ಸುತ್ತಿನಲ್ಲಿ ಅವನ ಮೈಯಲ್ಲಿ ಬೆವರೇ ಇರಲಿಲ್ಲ. ಅದು ಅಪಾಯದ ಗುರುತು. ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಅದನ್ನು ನಾನೇ ಬರೆದು ಅಂಕ ತೆಗೆದಿದ್ದೆ. ತುಟಿ ಅಂಟಿಕೊಂಡು ಮಾತು ತೊದಲುತ್ತಿತ್ತು.

“ಸಾರ್, ಒಂದೇ ಗುಟುಕು.”

“ಸೋಮವಾರ ಭರ್ತಿ ಆದ್ಮೇಲೆ ಕೆರೆನೇ ಕುಡಿಯೋ.”

“ಕೆರೆ ಬ್ಯಾಡ ಸಾರ್, ಸಮುದ್ರಾನೇ ಕುಡೀತೀನಿ. ಉಪ್ಪಿದ್ರೂ ಪರ್ವಾಗಿಲ್ಲ,” ಎಂದು ನಗಲು ನೋಡಿದ.

ತೂಬಿನ ಕಲ್ಲುಕಂಬದವರೆಗೆ ಈಜಿ ಬಾ ಎಂದೆ. ಹಲಗೆ ಎತ್ತಿಕೊಳ್ಳಲು ಹೋದ. “ಹಲಗೆ ಹಿಡ್ಕಂಡ್ರೆ ತೂಕ ಇಳಿಯುತ್ತೇನೋ? ಇಡು ಇಲ್ಲಿ” ಎಂದು ಕಸಿದುಕೊಂಡು, ಏರಿಯ ಕಲ್ಲಿನ ಮೇಲೆ ಹಾಕಿ, ಅದರ ಮೇಲೆ ಕುಳಿತೆ. ಕೊರಳಲ್ಲಿ ಪೀಪಿ ಇತ್ತು.

ಹೋಗುವಾಗ ಚೆನ್ನಾಗಿಯೇ ಹೋದ. ಕಂಬ ಮುಟ್ಟಿ ತಿರುಗಿದ. ಅರ್ಧ ದಾರಿಯಲ್ಲಿ ಅವನ ತಲೆ ನೀರಿನೊಳಗೆ ಹೋಗಿ ಮೇಲೆ ಬಂತು. ಮತ್ತೆ ಹೋಯಿತು, ಬಾಯಿ ತೆರೆದುಕೊಂಡು ಮೇಲೆ ಬಂತು. ಕದ್ದು ನೀರು ಕುಡಿಯುತ್ತಿದ್ದಾನೆ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು ಪೀಪಿ ಊದಿದೆ.

“ಲೇ ರಾಜು! ಕುಡೀಬೇಡ ಕಣೋ! ನಾನು ನೋಡ್ತಾ ಇದೀನಿ!”

ಅವನು ಒಂದು ಕೈ ಮೇಲೆತ್ತಿದ. ತಪ್ಪಾಯಿತು ಎನ್ನುತ್ತಿದ್ದಾನೆ ಎಂದುಕೊಂಡೆ. ಮತ್ತೆ ಪೀಪಿ ಊದಿದೆ. ತಲೆ ಕಾಣಲಿಲ್ಲ. ಆಗಲೂ ಊದುತ್ತಲೇ ಇದ್ದೆ.

ಆಚೆ ಒಗೆಯುವ ಕಲ್ಲಿನ ಹತ್ತಿರದಿಂದ ಮುನಿಸ್ವಾಮಿ ಕಿರುಚಿದ. “ಮೇಷ್ಟ್ರೇ, ಪೀಪಿ ಊದ್ತಾ ನಿಂತಿದೀರಲ್ಲಾ, ಹುಡ್ಗ ಮುಳುಗ್ತಾವ್ನೆ!”

ಇಬ್ಬರೂ ಹಾರಿದೆವು. ಸಿಕ್ಕಿದ. ಏರಿಗೆ ಎಳೆದು ತಂದು ಹೊಟ್ಟೆ ಅದುಮಿದೆವು, ಬೆನ್ನು ತಟ್ಟಿದೆವು. ಬಾಯಿಂದ ನೀರು ಬಂತು. ಎರಡು ದಿನದಿಂದ ನಾನು ಕೊಡದಿದ್ದ ನೀರು ಧಾರಾಳವಾಗಿ ಬಂತು. ಉಸಿರು ಬರಲಿಲ್ಲ. ಮುನಿಸ್ವಾಮಿ ತಾನು ಒಗೆದಿದ್ದ ಒಂದು ಬಿಳಿ ಪಂಚೆ ತಂದು ಹೊದಿಸಿದ.

ಡಾಕ್ಟರು ಕೇಳಿದರು, “ಹುಡುಗ ಉಪವಾಸ ಏನಾದ್ರೂ ಮಾಡ್ತಿದ್ನಾ?” ಗೊತ್ತಿಲ್ಲ ಸಾರ್ ಎಂದೆ. ಪೊಲೀಸರಿಗೆ, ಕಾಲು ಸೆಳೆತ ಬಂದಿರಬೇಕು ಎಂದು ಹೇಳಿಕೆ ಬರೆಸಿದೆ. ಮುನಿಸ್ವಾಮಿಗೆ ನಾನು ನೀರು ನಿಲ್ಲಿಸಿದ್ದ ವಿಷಯ ಗೊತ್ತಿರಲಿಲ್ಲ. ಮೇಷ್ಟ್ರು ಪ್ರಾಣದ ಹಂಗು ತೊರೆದು ಹಾರಿದರು ಎಂದು ಅವನೇ ಊರೆಲ್ಲ ಹೇಳಿದ. ಟೀ ಅಂಗಡಿಯವನು ಬೋರ್ಡಿನಿಂದ ರಾಜುವಿನ ಹೆಸರನ್ನು ಒರೆಸಿದ. ಅದೇ ಜೂನ್‌ನಲ್ಲಿ ನನ್ನ ಕೆಲಸ ಖಾಯಂ ಆಯಿತು. ಆದೇಶಕ್ಕೆ ಸಹಿ ಹಾಕಿದವರಲ್ಲಿ ಪಿಳ್ಳಪ್ಪನವರೂ ಒಬ್ಬರು.

ಹನ್ನೊಂದನೆಯ ದಿನ ಹಳ್ಳಿಗೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ. ಹೊನ್ನಮ್ಮ ಗೋಡೆಗೆ ಒರಗಿ ಕುಳಿತಿದ್ದವಳು ನನ್ನನ್ನು ನೋಡಿ ಎದ್ದಳು. ಒಳಗೆ ಹೋಗಿ ಒಂದು ಚೊಂಬು ನೀರು ತಂದು ಮುಂದಿಟ್ಟಳು. ಮೂರು ತಿಂಗಳ ಹಿಂದೆ ಕೊಟ್ಟಿದ್ದ ಅದೇ ಚೊಂಬು. ನನ್ನ ಕೈ ಮುಂದೆ ಹೋಗಲಿಲ್ಲ.

“ಕುಡೀರಿ ಮೇಷ್ಟ್ರೇ, ಬಿಸಿಲಲ್ಲಿ ಬಂದಿದೀರಿ,” ಎಂದಳು. ಆಮೇಲೆ ಕೇಳಿದಳು. “ಕೊನೆಗೆ ಅವನ ತೂಕ ಸರಿಯಾಗಿ ಬಂದಿತ್ತಾ?”

“ಬಂದಿತ್ತು ಕಣಮ್ಮ,” ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಅಷ್ಟಾದರೂ ಆಯಿತಲ್ಲ ಎನ್ನುವ ಹಾಗೆ. ನಾನು ಆಡಿದ ಮಾತು ನಿಜವೇ. ಅವನು ಸಾಯುವ ಐದು ದಿನ ಮೊದಲೇ ಬಂದಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಹೊರಡುವಾಗ, ಅವನ ಜೊತೆಗೇ ಮನೆಗೆ ಬಂದು ಮೂಲೆ ಸೇರಿದ್ದ ಹಲಗೆ ತೋರಿಸಿದಳು. “ಇದನ್ನ ತಗಂಡೋಗಿ. ಬೇರೆ ಹುಡುಗ್ರಿಗೆ ಈಜು ಕಲಿಸ್ವಾಗ ಆಯ್ತದೆ.” ಸೈಕಲ್ಲಿಗೆ ಕಟ್ಟಿಕೊಂಡು ಬಂದೆ. ಯಾರಿಗೂ ಈಜು ಕಲಿಸಲಿಲ್ಲ. ಆ ಹಲಗೆ ಈಗಲೂ ನನ್ನ ಮನೆಯ ಅಟ್ಟದ ಮೇಲಿದೆ.

ಹೊನ್ನಮ್ಮ ಅದಾದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದ್ದಳು. ಮಧುರೆಯ ಬಸ್ಸಿನಲ್ಲಿ ಎಷ್ಟೋ ಸಲ ಅವಳ ಹಳ್ಳಿಯ ಸ್ಟಾಪು ದಾಟಿದ್ದೇನೆ, ಒಂದು ಸಲವೂ ಇಳಿಯಲಿಲ್ಲ. ಅವಳು ಹೋದ ಸುದ್ದಿ ತಿಳಿದಾಗ ಮೊದಲು ಅನಿಸಿದ್ದು ಇನ್ನು ಹೇಳಬೇಕಾಗಿಲ್ಲ ಎಂದು. ನಾನು ಎಂಥವನೆಂದು ಅಂದು ನನಗೆ ಪೂರ್ತಿ ತಿಳಿಯಿತು. ಈಗ ಬರೆಯುತ್ತಿರುವುದರಿಂದ ಯಾರಿಗೂ ಏನೂ ದಕ್ಕುವುದಿಲ್ಲ. ಕ್ಷಮಿಸಬೇಕಾದವರಿಬ್ಬರೂ ಇಲ್ಲ.

ಮೂವತ್ತೊಂದು ವರ್ಷದ ಕೆಲಸ ಏನು ಕಲಿಸಿತು ಎಂದು ಕೇಳಿದರೆ ನನ್ನಲ್ಲಿರುವ ಉತ್ತರ ಒಂದೇ. ಬಾಯಾರಿದೆ ಎಂದವನಿಗೆ ಮೊದಲು ನೀರು ಕೊಡಬೇಕು, ಮಿಕ್ಕದ್ದನ್ನೆಲ್ಲ ಆಮೇಲೆ ವಿಚಾರಿಸಬೇಕು. ಇಷ್ಟು ತಿಳಿಯಲು ನನಗೆ ಒಂದು ಜೀವ ಬೇಕಾಯಿತು. ಹೊನ್ನಮ್ಮ ಅದನ್ನು ನಾನು ಅವಳ ಹೊಸ್ತಿಲು ದಾಟಿದ ಮೊದಲ ದಿನವೇ ಮಾಡಿ ತೋರಿಸಿದ್ದಳು. ನಾನು ಆ ನೀರು ಕುಡಿದು, ಬೆಲ್ಲ ತಿಂದು, ಅವಳ ಮಗನನ್ನು ಕರೆದುಕೊಂಡು ಬಂದಿದ್ದೆ.