ಮೂರನೇ ಬೆಂಚಿನ ಶಾಂತಿ

ಮಂತೂರಾಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಕಫರ್ ಲೌಜ್ ಊರಿನಲ್ಲಿ ಹೇಳುವವರಿದ್ದಾರೆ. ಶುದ್ಧ ಸುಳ್ಳು. ಮೂಗಿನ ತುದಿಯ ಕೋಪ ಒಂದು ಸಲ ಸೀನಿದರೆ ಹೋಗುತ್ತದೆ. ಅವಳದು ಎದೆಯೊಳಗೆ ಹದಿನೆಂಟು ವರ್ಷದಿಂದ ಬೇರುಬಿಟ್ಟು ಕೂತ ಕೋಪ. ಊರಿಗೆ ಅದು ಕಾಣುತ್ತಿದ್ದದ್ದು ವಾರಕ್ಕೊಮ್ಮೆ, ಭಾನುವಾರ, ಮಾರ್ ದೂಮಿತ್ ಇಗರ್ಜಿಯ ಹೆಂಗಸರ ಕಡೆಯ ಮೂರನೇ ಬೆಂಚಿನಲ್ಲಿ.

ನಮ್ಮ ಲೆಬನಾನಿನ ಬೆಟ್ಟದ ಊರುಗಳಲ್ಲಿ ಬಲಿಪೂಜೆಯ ನಡುವೆ ಶಾಂತಿ ಬಲಿಪೀಠದಿಂದ ಇಳಿದು ಬರುತ್ತದೆ. ಗುರುಗಳು ಪೀಠ ಮುಟ್ಟಿದ ಕೈಯಿಂದ ಶಲೀಟನ ಕೈ ಸವರಿ ಅದನ್ನು ಕೊಡುತ್ತಾರೆ. ಇಗರ್ಜಿಯ ಗಂಟೆ, ದೀಪ, ಧೂಪ ಎಲ್ಲ ನೋಡಿಕೊಳ್ಳುವ ಮುದುಕ ಶಲೀಟ ಎರಡೂ ಅಂಗೈ ಜೋಡಿಸಿಕೊಂಡು, ಕಾಲೆಳೆಯುತ್ತ ಬಂದು, ಪ್ರತಿ ಬೆಂಚಿನ ತುದಿಯವರ ಕೈಗೆ ದಾಟಿಸುತ್ತಾನೆ. ಅವರು ಪಕ್ಕದವರಿಗೆ, ಪಕ್ಕದವರು ಅವರ ಪಕ್ಕದವರಿಗೆ, ಹೀಗೆ ಗೋಡೆಯವರೆಗೆ. ಎದ್ದು ಹೋಗಿ ತೆಗೆದುಕೊಳ್ಳುವ ಹಾಗಿಲ್ಲ, ನಡುವಿನವರನ್ನು ಬಿಟ್ಟು ಕೈ ಚಾಚುವ ಹಾಗಿಲ್ಲ. ಪಕ್ಕದವರ ಕೈಯಿಂದಲೇ ಬರಬೇಕು, ಅದು ಊರ ಕಟ್ಟಳೆ.

ಮೂರನೇ ಬೆಂಚು ಅಣ್ಣತಮ್ಮಂದಿರಿಬ್ಬರ ಮನೆಯದು. ನಡುದಾರಿಯ ತುದಿಯಲ್ಲಿ ಹಿರಿಸೊಸೆ ಮಂತೂರಾ, ಅವಳ ಪಕ್ಕ ವಾರಗಿತ್ತಿ ಲತೀಫೆ, ಗೋಡೆಯ ಪಕ್ಕ ಎಲ್ಲರಿಗಿಂತ ಚಿಕ್ಕವಳಾದ ಸೈದೆ, ಮಂತೂರಾಳ ಒಬ್ಬಳೇ ಮಗಳು. ಜಗಳ ಹುಟ್ಟಿದ ಮೇಲೂ ಯಾರೂ ಜಾಗ ಬದಲಿಸಲಿಲ್ಲ. ಬದಲಿಸಿದರೆ ಸೋತ ಹಾಗೆ. ಶಲೀಟ ಬಂದು ಶಾಂತಿ ಕೊಟ್ಟರೆ ಮಂತೂರಾ ಭಕ್ತಿಯಿಂದ ತೆಗೆದುಕೊಳ್ಳುವಳು, ಅಂಗೈಯಿಂದ ಮುಖ ಸವರಿಕೊಳ್ಳುವಳು, ಆಮೇಲೆ ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ನೋಡುತ್ತ ಕೂರುವಳು. ಪಕ್ಕದಲ್ಲಿ ಲತೀಫೆ ಒಡ್ಡಿದ ಕೈ ಹಾಗೇ ಇರುತ್ತಿತ್ತು. ಮೊದಮೊದಲು ಹಿಂದಿನ ಬೆಂಚಿನವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ವರ್ಷ ಕಳೆದ ಹಾಗೆ ಅದೂ ಪೂಜೆಯ ಒಂದು ಭಾಗವೇ ಆಗಿಹೋಯಿತು.

ಹಾಗಾದರೆ ಲತೀಫೆ ಮಾಡಿದ್ದೇನು? ಹೇಳುತ್ತೇನೆ, ಕೇಳಿ. ಕೇಳಿದ ಮೇಲೆ ಮಂತೂರಾಳದು ತಪ್ಪು ಅನ್ನುವವರು ಎದ್ದು ಹೋಗಬಹುದು.

ಸೈದೆಗೆ ಆಗ ಇಪ್ಪತ್ತು. ಮೇಲಿನ ಕೇರಿಯ ಫಾರಿಸ್ ಅನ್ನುವ ಹುಡುಗನ ಮನೆಯಿಂದ ಹೆಣ್ಣು ಕೇಳಿ ಬಂದಿದ್ದರು. ಕಾಫಿ ಕುಡಿದು ಆಗಿತ್ತು, ಮಾತು ಆಗಿತ್ತು, ಈಸ್ಟರ್ ಕಳೆದ ಮೇಲೆ ಉಂಗುರ ಅಂತ ಗೊತ್ತಾಗಿತ್ತು. ಆ ವರ್ಷ ಶುಭ ಶುಕ್ರವಾರ ಸೈದೆ ಹನಿ ನೀರೂ ಮುಟ್ಟದೆ ಉಪವಾಸವಿದ್ದಳು. ಬೆಳಗಿನಿಂದ ಬೆಟ್ಟ ಅಲೆದು ಕ್ರಿಸ್ತನ ಚಟ್ಟಕ್ಕೆ ಹೂ ಕಿತ್ತು ತಂದಿದ್ದಳು. ಮೆರವಣಿಗೆ ಹೊರಟಾಗ, ಧೂಪದ ಹೊಗೆ, ಜನರ ನೂಕು, ಖಾಲಿ ಹೊಟ್ಟೆ, ತಲೆ ಸುತ್ತಿ ಬಿದ್ದಳು. ನಾಲ್ಕು ಹನಿ ನೀರು ಚಿಮುಕಿಸಿದ ತಕ್ಷಣ ಎದ್ದು ಕೂತು, ಚಟ್ಟ ಮುಂದೆ ಹೋಯ್ತಾ ಅಂತ ಕೇಳಿದಳು. ನಡೆದದ್ದು ಇಷ್ಟೇ.

ಈಸ್ಟರಿನ ವಾರ ಊರ ಹೆಂಗಸರೆಲ್ಲ ಸಾಜ್ ಅನ್ನುವ ರೊಟ್ಟಿಹೆಂಚಿನ ಬೆಂಕಿಯ ಸುತ್ತ ಕೂತು ರೊಟ್ಟಿ ಸುಡುವಾಗ, ಫಾರಿಸನ ಸೋದರತ್ತೆ ಎದುರಿಗೇ ಇರುವಾಗ, ಲತೀಫೆ ನಿಟ್ಟುಸಿರುಬಿಟ್ಟು ಹೇಳಿದಳು: "ಪಾಪ, ನಮ್ಮ ಸೈದೆಗೆ ಮೂರ್ಛೆರೋಗ ಕಣ್ರೇ. ಬಾಯಲ್ಲಿ ನೊರೆ ಬಂದಿತ್ತು, ನನ್ನ ಈ ತಲೆವಸ್ತ್ರದಲ್ಲೇ ಒರೆಸಿದೆ. ಚಿಕ್ಕೋಳಿದ್ದಾಗಿಂದ್ಲೂ ಇದೆ, ನಮ್ಮಕ್ಕ ಮುಚ್ಚಿಟ್ಟಿದಾಳೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ರೊಟ್ಟಿ ಆರುವ ಮೊದಲೇ ಮಾತು ಮೇಲಿನ ಕೇರಿ ಮುಟ್ಟಿತ್ತು. ಉಂಗುರ ಬರಲಿಲ್ಲ. ಮುಂದಿನ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಫಾರಿಸನಿಗೆ ಮದುವೆಯಾಯಿತು. ಹುಡುಗಿ ಯಾರು ಅಂತೀರಿ? ರಫ್ಕಾ. ಲತೀಫೆಯ ಮಗಳು. ನಾಚಿಕೆ ಬೇಡವೇ ಜನಕ್ಕೆ? ಇಡೀ ಊರು ಆ ಮದುವೆಯಲ್ಲಿ ಕೈ ಕೈ ಹಿಡಿದು ಕುಣಿಯಿತು. ಮಂತೂರಾ ಬಾಗಿಲು ಹಾಕಿಕೊಂಡು ಹಲ್ಲು ಕಚ್ಚಿಕೊಂಡು ಕೂತಿದ್ದಳು.

ಸೈದೆಯನ್ನು ಕೇಳಿಕೊಂಡು ಆಮೇಲೆ ಯಾರೂ ಬರಲಿಲ್ಲ. ಅವಳು ಇಗರ್ಜಿಯ ಬಟ್ಟೆಗಳನ್ನು ಒಗೆದಳು, ಇಸ್ತ್ರಿ ಮಾಡಿದಳು, ಹೂದಾನಿಯ ನೀರು ಬದಲಿಸಿದಳು. ತಾಯಿ ಕೆಂಡ ಕಾರಿದಾಗಲೆಲ್ಲ "ಬಿಡಮ್ಮ" ಅನ್ನುವಳು. ಮಾತು ಅಷ್ಟೇ. ಸಂತಳ ಹಾಗಿದ್ದಾಳೆ ಹುಡುಗಿ, ಎಂದೋ ಕ್ಷಮಿಸಿಬಿಟ್ಟಿದ್ದಾಳೆ, ತಾಯಿಯದೇ ಹಟ ಅಂತ ಊರು ತೀರ್ಪು ಕೊಟ್ಟಿತು. ತೀರ್ಪು ಕೊಡುವುದಕ್ಕೆ ಊರಿಗೇನು, ಪುಕ್ಕಟೆ.

ಹೀಗಿರುವಾಗ ಹೊಸ ಗುರುಗಳು ಬಂದರು, ಅಬೂನಾ ನಿಮತಲ್ಲಾ. ಇನ್ನೂ ಚಿಕ್ಕ ವಯಸ್ಸು. ಹೆಂಡತಿ, ಎರಡು ಮಕ್ಕಳು; ನಮ್ಮ ಸಭೆಯಲ್ಲಿ ಗುರುಗಳಿಗೂ ಮದುವೆ ಉಂಟು. ಮೊದಲ ಪರಮಪ್ರಸಾದ ತೆಗೆದುಕೊಳ್ಳಬೇಕಾದ ಮಕ್ಕಳಿಗೆ ಪಾಠ ಹೇಳುವವರು ಬೇಕಿತ್ತು. ಗುರುಗಳ ಹೆಂಡತಿಯೇ ಸೈದೆಯ ಹೆಸರು ಸೂಚಿಸಿದಳು. ಸೈದೆಯ ಮುಖ ಅರಳಿದ್ದನ್ನು ಮಂತೂರಾ ಹದಿನೆಂಟು ವರ್ಷದಲ್ಲಿ ಅವತ್ತೇ ನೋಡಿದ್ದು. ಬಣ್ಣದ ಕಾಗದ ಕತ್ತರಿಸಿ ಪಾರಿವಾಳ ಮಾಡಿದಳು, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಪಾಠ ಒಪ್ಪಿಸಿಕೊಂಡಳು.

ಒಂದು ವಾರ ಕಳೆದಿರಲಿಲ್ಲ, ಅಬೂನಾ ಮನೆಗೆ ಬಂದರು. ಕಾಫಿ ಬಟ್ಟಲು ಕೈಯಲ್ಲಿ ಹಿಡಿದುಕೊಂಡು ಮಾತಿಗೆ ತಡವರಿಸಿದರು.

"ಅತ್ತೆ, ಮಕ್ಕಳ ತಾಯಂದಿರು ಇಬ್ಬರು ಬಂದಿದ್ರು. ಪಾಠದ ಮಧ್ಯೆ ಸೈದೆಗೇನಾದ್ರೂ… ಮಕ್ಕಳು ಹೆದರ್ತಾವೆ ಅಂತ."

"ಏನಾದ್ರೂ ಅಂದ್ರೆ?"

"ನಿಮಗೆ ಗೊತ್ತಲ್ಲ."

"ನಂಗೊತ್ತು. ನಿಮಗೆ ಗೊತ್ತಾ ಅಂತ ಕೇಳ್ತಿರೋದು. ಅದು ಸುಳ್ಳು ಅಂತ ಹೇಳಿದ್ರಾ ಅವರಿಗೆ?"

ಅಬೂನಾ ಬಟ್ಟಲು ಕೆಳಗಿಟ್ಟರು. "ನೋಡಿ, ಒಂದು ದಾರಿ ಇದೆ. ತಪಸ್ಸುಕಾಲ ಶುರುವಾಗೋ ಭಾನುವಾರ ನೀವು ಲತೀಫೆಗೆ ಶಾಂತಿ ಕೊಟ್ಟುಬಿಡಿ. ಎಲ್ಲರೂ ನೋಡ್ತಾರೆ. ಮೂರನೇ ಬೆಂಚಲ್ಲಿ ಜಗಳ ಮುಗೀತು ಅಂದ್ರೆ ಹಳೇ ಮಾತೂ ಅಲ್ಲಿಗೇ ಮುಗಿಯುತ್ತೆ. ಆ ತಾಯಂದಿರನ್ನ ನಾನು ಒಪ್ಪಿಸ್ತೀನಿ. ಲತೀಫೆಯವರೂ ತಯಾರಿದ್ದಾರೆ. ನಾಳೆ ಇಲ್ಲಿಗೆ ಬಂದು ನಿಮ್ಮ ತಲೆಗೆ ಮುತ್ತಿಟ್ಟು ಕ್ಷಮೆ ಕೇಳ್ತಾರಂತೆ."

"ಎಲ್ಲಿಗೆ ಬಂದು?"

"ಇಲ್ಲಿಗೆ. ನಿಮ್ಮ ಮನೆಗೆ."

"ಸಾಜಿನ ಮುಂದೆ ಉಗಿದಿದ್ದನ್ನ ನನ್ನ ಅಡುಗೆಮನೇಲಿ ಬಂದು ನೆಕ್ತಾಳಂತಾ?" ಮಂತೂರಾ ಎದ್ದು ನಿಂತಳು. "ಅಬೂನಾ, ನೀವು ಬಂದು ನಾಲ್ಕು ದಿನ ಆಗಿಲ್ಲ, ಅದಕ್ಕೆ ಮರ್ಯಾದೆಯಿಂದ ಹೇಳ್ತೀನಿ. ನಿಮಗಿಂತ ಮುಂಚೆ ಇದ್ದವರೂ ಶಾಂತಿ ಶಾಂತಿ ಅಂತಾನೇ ಬಾಯಿ ಬಡ್ಕೊಂಡ್ರು. ಸುಳ್ಳಿನ ಹೆಸರು ಎತ್ತಲಿಲ್ಲ ಒಬ್ಬರೂ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ. ಎಲ್ಲಿ ಹೇಳಿದ್ಲೋ ಅಷ್ಟು ಜನರ ಮುಂದೆ ಹೇಳ್ಲಿ, ನಾನಾಡಿದ್ದು ಸುಳ್ಳು ಅಂತ. ಆಮೇಲೆ ಶಾಂತಿ ಏನು, ನನ್ನ ಬೆಂಚೇ ಕೊಡ್ತೀನಿ."

"ವಯಸ್ಸಾದವರು, ಅವರಿಗೆ ಅವಮಾನ ಆಗಲ್ವಾ ಅತ್ತೆ?"

"ಇಪ್ಪತ್ತು ವರ್ಷದ ಹುಡುಗೀಗೆ ಆಗಿದ್ದು ಏನು, ಸನ್ಮಾನಾನಾ?"

ಅಬೂನಾ ತಲೆ ತಗ್ಗಿಸಿಕೊಂಡು ಹೋದರು. ಸೈದೆ ಒಲೆಯ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಯಾವತ್ತಿನ ಹಾಗೆ "ಬಿಡಮ್ಮ" ಅನ್ನಲಿಲ್ಲ. "ಮೂರ್ಛೆರೋಗ ನಿಜವಾಗ್ಲೂ ಇದ್ದಿದ್ರೆ ಪಾಠ ಹೇಳಬಾರದಿತ್ತಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಕಾಗದದ ಪಾರಿವಾಳಗಳನ್ನೆಲ್ಲ ಬಾಚಿ ಡಬ್ಬಿಗೆ ತುಂಬಿದಳು. ಮಂತೂರಾಳಿಗೆ ಆ ಪ್ರಶ್ನೆ ಕೇಳಿಸಿತು, ಆದರೆ ತಲೆಗೆ ಹೋಗಲಿಲ್ಲ. ಅವಳ ತಲೆ ತುಂಬ ಲತೀಫೆ ಇದ್ದಳು.

ಆ ಭಾನುವಾರ ಇಗರ್ಜಿ ಕಿಕ್ಕಿರಿದಿತ್ತು. ನಲವತ್ತು ದಿನದ ಉಪವಾಸದ ಹೊಸ್ತಿಲು, ಜೊತೆಗೆ ಏನೋ ನಡೆಯುತ್ತದೆ ಅನ್ನುವ ವಾಸನೆ ಎಲ್ಲರಿಗೂ ಬಡಿದಿತ್ತು. ಮೊದಲ ಬೆಂಚಿನಲ್ಲಿ ಪರಮಪ್ರಸಾದಕ್ಕೆ ತಯಾರಾಗಬೇಕಿದ್ದ ಮಕ್ಕಳು, ಅವರ ಹಿಂದೆ ತಾಯಂದಿರು. ಶಲೀಟ ಬಂದ. ಮಂತೂರಾ ಶಾಂತಿ ತೆಗೆದುಕೊಂಡಳು. ಮುಖ ಸವರಿಕೊಳ್ಳಲಿಲ್ಲ. ಜೋಡಿಸಿದ ಕೈಯನ್ನು ಹಾಗೇ ಹಿಡಿದು ಲತೀಫೆಯ ಕಡೆ ತಿರುಗಿದಳು. ಲತೀಫೆ ಆತುರದಿಂದ ಕೈ ಚಾಚಿದಳು. ಮಂತೂರಾ ತನ್ನ ಕೈಯನ್ನು ಎದೆಗೆಳೆದುಕೊಂಡಳು.

"ಮೊದಲು ಹೇಳು."

"ಅಕ್ಕ, ಪೂಜೆ ನಡೀತಿದೆ."

"ನಡೀಲಿ. ಯೇಸುವಿಗೇನೂ ಅವಸರ ಇಲ್ಲ. ಹೇಳು."

ಶಲೀಟ ನಾಲ್ಕನೇ ಬೆಂಚಿಗೆ ಹೋಗುವುದನ್ನೂ ಮರೆತು ನಿಂತುಬಿಟ್ಟ. ಅಬೂನಾ ಪೀಠದ ಮುಂದೆ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ತಡೆಯಲಿಲ್ಲ, ಅದೊಂದು ಪುಣ್ಯ ಕಟ್ಟಿಕೊಂಡರು. ಲತೀಫೆ ಹಿಂದೆ ನೋಡಿದಳು, ಮುಂದೆ ನೋಡಿದಳು. ಅವಳಿಗೂ ಸಾಕಾಗಿತ್ತೋ ಏನೋ. ಗಂಟಲಲ್ಲೇ ಏನೋ ಗೊಣಗಿದಳು.

"ಸಾಜಿನ ಮುಂದೆ ಇಷ್ಟು ಮೆಲ್ಲಗೆ ಹೇಳಿರಲಿಲ್ಲ ನೀನು," ಅಂದಳು ಮಂತೂರಾ.

ಲತೀಫೆ ಬೆಂಚಿನ ಅಂಚು ಹಿಡಿದು ಎದ್ದಳು. "ನಾನು ಸುಳ್ಳು ಹೇಳ್ದೆ. ಸೈದೆಗೆ ಯಾವ ರೋಗಾನೂ ಇರಲಿಲ್ಲ. ನೊರೆ ಬಂದಿರಲಿಲ್ಲ, ನಾನು ಒರೆಸಲೂ ಇಲ್ಲ. ಆ ಹುಡುಗ ನನ್ನ ರಫ್ಕಾಗೆ ಸಿಗಲಿ ಅಂತ ಹೇಳ್ದೆ." ಹೇಳಿ ಧೊಪ್ಪನೆ ಕೂತಳು.

ಮಂತೂರಾ ಗೆದ್ದಿದ್ದಳು. ಕೈ ಚಾಚಿ ವಾರಗಿತ್ತಿಗೆ ಶಾಂತಿ ಕೊಟ್ಟಳು. ಲತೀಫೆಯ ಕೈ ತಣ್ಣಗಿತ್ತು. ಲತೀಫೆ ಅದನ್ನು ಹೊತ್ತುಕೊಂಡು, ಕಣ್ಣೊರೆಸಿಕೊಳ್ಳಲೂ ಆಗದೆ, ಗೋಡೆಯ ಕಡೆ ತಿರುಗಿ ಸೈದೆಯ ಮುಂದೆ ಹಿಡಿದಳು. "ತಗೋ ಮಗಳೇ."

ಸೈದೆ ಕೈ ಒಡ್ಡಲಿಲ್ಲ.

"ಸೈದೆ, ತಗೋ," ಅಂದಳು ಮಂತೂರಾ. "ಹೇಳಿದ್ಲಲ್ಲ, ಎಲ್ಲರ ಮುಂದೇನೇ ಹೇಳಿದ್ಲಲ್ಲ."

ಸೈದೆ ಚಿಕ್ಕಮ್ಮನನ್ನು ನೋಡಲಿಲ್ಲ. ನೋಡಿದ್ದು ತಾಯಿಯನ್ನು. "ಇವಳು ಸುಳ್ಳು ಹೇಳಿದ್ದು ಒಂದು ದಿನ. ನೀನು ಪ್ರತಿ ಭಾನುವಾರ ಶಾಂತಿ ನಿಲ್ಲಿಸಿದೆ. ಇವಳ ಈ ಕಡೆ ನಾನೂ ಕೂತಿದೀನಿ ಅಂತ ನಿಂಗೆ ಒಂದು ಸಲಾನಾದ್ರೂ ನೆನಪಾಯ್ತಾಮ್ಮ? ಕೈ ಒಡ್ಡಿಕೊಂಡೇ ಕೂತಿರ್ತಿದ್ದೆ. ನೀನು ತಿರುಗಿ ನೋಡಲಿಲ್ಲ."

ದನಿ ಏರಿಸಿರಲಿಲ್ಲ, ಆದರೂ ಇಡೀ ಇಗರ್ಜಿಗೆ ಕೇಳಿಸಿತು. ಎಷ್ಟು ಸರಳವಾದ ಸಂಗತಿ, ಬೆಂಚಿನ ಈ ತುದಿಯಲ್ಲಿ ತಡೆದರೆ ಆ ತುದಿಗೆ ಹೋಗುವುದಿಲ್ಲ ಅನ್ನುವುದು. ಊರಿಗೂ ಹೊಳೆದಿರಲಿಲ್ಲ. ತಾಯಿಗೆ ಹೊಳೆಯಬೇಕಿತ್ತು.

ಸೈದೆ ಎದ್ದಳು. ಚಿಕ್ಕಮ್ಮನ ಮಂಡಿ ದಾಟಿದಳು, ತಾಯಿಯ ಮಂಡಿ ದಾಟಿದಳು, ನಡುದಾರಿಗೆ ಬಂದು ಶಲೀಟನ ಎದುರು ನಿಂತು ಎರಡೂ ಕೈ ಒಡ್ಡಿದಳು. ಮುದುಕ ಅಬೂನಾರ ಕಡೆ ನೋಡಿದ. ಅಬೂನಾ ತಲೆಯಾಡಿಸಿದರು. ಶಲೀಟ ಶಾಂತಿ ಕೊಟ್ಟ. ಅದನ್ನು ತೆಗೆದುಕೊಂಡು ಸೈದೆ ನೇರ ಮೊದಲ ಬೆಂಚಿಗೆ ಹೋಗಿ ಮಕ್ಕಳ ಮುಂದೆ ಬಗ್ಗಿ, ಒಬ್ಬೊಬ್ಬರ ಕೈಗೂ ಕೊಡುತ್ತ ಬಂದಳು. ಹಿಂದೆ ಕೂತ ತಾಯಂದಿರಲ್ಲಿ ಒಬ್ಬಳು ಮಗನ ಭುಜದ ಮೇಲೆ ಕೈ ಇಟ್ಟಳು. ಸೈದೆ ತಲೆಯೆತ್ತಿ ಅವಳನ್ನೇ ನೋಡಿದಳು, ಎಷ್ಟು ಹೊತ್ತು ನೋಡಿದಳೆಂದರೆ ಆ ಕೈ ತಾನಾಗಿ ಹಿಂದೆ ಹೋಯಿತು.

ಲತೀಫೆ ಅಳುತ್ತಿದ್ದಳು. ಮಂತೂರಾ ಅವಳ ಕಡೆ ನೋಡಲಿಲ್ಲ. ವಾರಗಿತ್ತಿಯನ್ನು ದಾಟಿ ಗೋಡೆಯ ಪಕ್ಕಕ್ಕೆ ಹೋಗಿ ಸೈದೆಯ ಜಾಗದಲ್ಲಿ ಕೂತಳು. ಗೋಡೆ ತೇವವಾಗಿತ್ತು, ಥಂಡಿ ಬೆನ್ನಿಗೆ ಇಳಿಯಿತು. ಅಲ್ಲಿಂದ ನೋಡಿದರೆ ಬಲಿಪೀಠ ಅರ್ಧ ಕಂಬದ ಹಿಂದೆ. ಪೂರ್ತಿ ಕಾಣುವುದು ಬೆಂಚಿನ ಆ ತುದಿ, ತಾನು ಕೂರುತ್ತಿದ್ದ ತುದಿ. ಇಷ್ಟು ವರ್ಷ ಲತೀಫೆಗೆ ಅಂತ ಇಟ್ಟುಕೊಂಡ ಕೋಪವಷ್ಟೂ ಈಗ ತನ್ನ ಮೇಲೆಯೇ ಬಂತು. ಅವಳು ಎರಡೂ ಅಂಗೈ ಬಿಡಿಸಿ ಮುಂದೆ ಒಡ್ಡಿದಳು.

ಸೈದೆ ಕೊನೆಯ ಮಗುವಿಗೂ ಕೊಟ್ಟು ಮುಗಿಸಿ ಮಕ್ಕಳ ಪಕ್ಕದಲ್ಲೇ ಕೂತಳು. ಈ ಕಡೆ ತಿರುಗಲಿಲ್ಲ. ಅಬೂನಾ ಮುಂದಿನ ಪ್ರಾರ್ಥನೆ ಶುರುಮಾಡಿದರು, ಜನ ಎದ್ದು ನಿಂತರು. ಮಂತೂರಾ ಕೈ ಒಡ್ಡಿಕೊಂಡು ಕೂತೇ ಇದ್ದಳು.