ಹಾರದೆ ಇಳಿದ ಮಹಡಿಗಳು

ಅಪ್ಪ ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಅವರು ಮನೆಗೆ ಬರುವ ದಾರಿಯಲ್ಲಿ ಒಂದು ರದ್ದಿ ಅಂಗಡಿಯಿತ್ತು. ಹಳೆಯ ಪೇಪರುಗಳ ರಾಶಿಯಲ್ಲಿ ಕಾಮಿಕ್ಸ್ ಸಿಕ್ಕಿದರೆ ಅಂಗಡಿಯವನು 'ನಿಮ್ಮ ಮಗಳಿಗೆ' ಎಂದು ತೆಗೆದಿಡುತ್ತಿದ್ದ. ಅಪ್ಪ ತಂದ ಮೊದಲನೆಯದಕ್ಕೆ ಮುಖಪುಟವೇ ಇರಲಿಲ್ಲ. ಒಳಗೆ ಒಬ್ಬ ಮನುಷ್ಯ ಸೇತುವೆಯಿಂದ ಜಾರುತ್ತಿದ್ದ ಬಸ್ಸನ್ನು ಒಂದೇ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ದಿಟ್ಟಿಸಿ ನೋಡಿದ್ದು ಬಸ್ಸನ್ನಲ್ಲ, ಅವನ ಮುಖವನ್ನು. ಅಲ್ಲಿ ಹೆದರಿಕೆಯ ಗುರುತೇ ಇರಲಿಲ್ಲ. ನಾನಾದರೋ ಲಿಫ್ಟಿಗೆ ಹೆದರುತ್ತಿದ್ದೆ, ಲೋಕಲ್ ರೈಲಿನ ನೂಕಾಟಕ್ಕೆ ಹೆದರುತ್ತಿದ್ದೆ. ಅಮ್ಮ ಮೈ ಒರೆಸುವ ಬೈರಾಸನ್ನು ಕೊರಳಿಗೆ ಕಟ್ಟಿಕೊಂಡು ಮಂಚದಿಂದ ಹಾರುವ ಮೊದಲು ನೆಲದ ಮೇಲೆ ಹಾಸಿಗೆ ಹಾಸಿಕೊಳ್ಳುತ್ತಿದ್ದೆ.

ಆ ಹುಚ್ಚು ಬಿಡಲೇ ಇಲ್ಲ. ಬೇಲಾಪುರದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸಂಬಳದ ಒಂದು ಪಾಲು ಕಾಮಿಕ್ಸಿಗೇ ಹೋಗುತ್ತಿತ್ತು. ಒಂದೊಂದನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಬಾಗದಂತೆ ಬೆನ್ನಿಗೆ ರಟ್ಟು ಕೊಟ್ಟು, ಒಳಕೋಣೆಯ ಕಪಾಟುಗಳಲ್ಲಿ ಜೋಡಿಸುತ್ತಿದ್ದೆ. ಅಪ್ಪ ತೀರಿಕೊಂಡ ನಂತರ ಆ ಕೋಣೆ ಪೂರ್ತಿ ನನ್ನ ಸಂಗ್ರಹದ್ದೇ ಆಯಿತು. ಆಮೇಲೆ ನೆರೂಳಿನ ಒಬ್ಬ ಸಂಪಾದಕರಿಗೆ ಹಿಂದಿಯಲ್ಲಿ ಕಾಮಿಕ್ಸ್ ಬರೆಯತೊಡಗಿ ಕಚೇರಿ ಬಿಟ್ಟೆ. ನನ್ನ ನಾಯಕಿ ಹಾರಬಲ್ಲವಳು. ಸಂಚಿಕೆಗೊಂದಾದರೂ ಕಟ್ಟಡ ಸಿಡಿಯಬೇಕು, ಬೆಂಕಿಯ ನಡುವಿನಿಂದ ಅವಳು ಯಾರನ್ನಾದರೂ ಎತ್ತಿಕೊಂಡು ಬರಬೇಕು. ಅಂಥ ಪುಟಗಳನ್ನು ಚಹಾ ಕುಡಿಯುತ್ತಲೇ ಬರೆದು ಮುಗಿಸುತ್ತಿದ್ದೆ.

ನಮ್ಮ ಬಿಲ್ಡಿಂಗಿನಿಂದ ಕೆಮಿಕಲ್ ಕಾರ್ಖಾನೆಗಳ ಪ್ರದೇಶ ದೂರವೇನಲ್ಲ. ಗಾಳಿ ತಿರುಗಿದಾಗ ವಾಸನೆ ಬರುತ್ತದೆ, ಕಿಟಕಿ ಹಾಕಿಕೊಳ್ಳುತ್ತೇವೆ, ಅಷ್ಟೇ. ಆ ಮಧ್ಯಾಹ್ನ ಸದ್ದು ಕಿವಿಗೆ ಬೀಳುವ ಮೊದಲೇ ನೆಲ ಅಲುಗಿತು. ನಾನು ಒಳಕೋಣೆಯಲ್ಲಿ ಪುಸ್ತಕಗಳ ಧೂಳು ಒರೆಸುತ್ತಿದ್ದೆ. ಹಾಲಿನ ಕಿಟಕಿಯ ಗಾಜು ಒಂದೇ ಸಲ ಒಳಗೆ ಬಂದು ಬಿತ್ತು. ನಂತರ ಆ ಸದ್ದು. ಅದನ್ನು ಯಾವ ಅಕ್ಷರದಲ್ಲಿ ಬರೆಯಬೇಕೆಂದು ನನಗೆ ಇಂದಿಗೂ ಗೊತ್ತಿಲ್ಲ. ನಾನು ಕಪಾಟಿನ ಬದಿಯಲ್ಲಿ ಮುದುಡಿ ಕೂತಿದ್ದೆ. ಅಡುಗೆಮನೆಯಿಂದ ಬಂದ ಅಮ್ಮ ನನ್ನ ತೋಳು ಹಿಡಿದೆಳೆದು, ಚಪ್ಪಲಿ ಹಾಕಿಸಿ, ಗಾಜಿನ ಮೇಲೆಯೇ ನಡೆಸಿಕೊಂಡು ಕೆಳಗೆ ತಂದಳು.

ಕೆಳಗೆ ಬಿಲ್ಡಿಂಗಿನ ಜನ ಸೇರಿದ್ದರು. ಕಾರ್ಖಾನೆಗಳ ಕಡೆಯಿಂದ ಕಪ್ಪು ಹೊಗೆ ಏಳುತ್ತಿತ್ತು, ಗಂಟಲು ಉರಿಯುತ್ತಿತ್ತು. ಇನ್ನೊಂದು ಟ್ಯಾಂಕು ಸಿಡಿಯುತ್ತದಂತೆ ಎಂದು ಒಬ್ಬರು, ವಿಷದ ಗ್ಯಾಸ್ ಬರುತ್ತಿದೆಯಂತೆ ಎಂದು ಇನ್ನೊಬ್ಬರು. ಯಾರಿಗೂ ಏನೂ ಖಚಿತವಿರಲಿಲ್ಲ. ಕೆಲವರು ಆಗಲೇ ರಿಕ್ಷಾ ಹಿಡಿದು ಹೊರಟಿದ್ದರು. ನಾವೂ ಕಲ್ಯಾಣ್‌ನಲ್ಲಿರುವ ಸೋದರತ್ತೆಯ ಮನೆಗೆ ಹೋಗೋಣವೆಂದು ನಾನು ಅಮ್ಮನನ್ನು ಎಳೆಯುತ್ತಿದ್ದೆ. ಅವಳು ಕದಲಲಿಲ್ಲ. ಗುಂಪಿನಲ್ಲಿ ಯಾರನ್ನೋ ಹುಡುಕುತ್ತಿದ್ದಳು.

"ನಾಲ್ಕನೇ ಮಾಳಿಗೆಯ ಆಜಿ ಎಲ್ಲಿ?" ಎಂದಳು.

ಆಜಿ ಮರಾಠಿ ಮುದುಕಿ. ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೆ ಮಂಚ ಬಿಟ್ಟು ಏಳುತ್ತಿರಲಿಲ್ಲ. ಮಗ ಥಾಣೆಗೆ ಕೆಲಸಕ್ಕೆ ಹೋಗಿದ್ದ, ನೋಡಿಕೊಳ್ಳುವ ಕೆಲಸದವಳು ಮಧ್ಯಾಹ್ನ ಮನೆಗೆ ಹೋಗುವವಳು. ಎಲ್ಲರೂ ಮೇಲೆ ನೋಡಿದರು. ವಾಚ್‌ಮನ್ ಗೇಟಿನ ಬಳಿ ರಿಕ್ಷಾಗಳಿಗೆ ದಾರಿ ಮಾಡಿಕೊಡುವುದರಲ್ಲಿದ್ದ.

"ನೀನು ಇಲ್ಲೇ ನಿಲ್ಲು, ನಾನು ನೋಡಿ ಬರ್ತೇನೆ" ಎಂದು ಅಮ್ಮ ಮೆಟ್ಟಿಲ ಕಡೆ ನಡೆದಳು.

ನಾನು ಹಿಂದೆ ಹೋದೆ. ಅದನ್ನು ಧೈರ್ಯವೆಂದು ಯಾರೂ ತಿಳಿಯಬಾರದು. ಕೆಳಗೆ ಒಬ್ಬಳೇ ನಿಂತು ಅವಳಿಗಾಗಿ ಕಾಯುವುದು ಇನ್ನೂ ಹೆಚ್ಚಿನ ಹೆದರಿಕೆಯಾಗಿತ್ತು. ಲೈಟ್ ಹೋಗಿ ಲಿಫ್ಟ್ ನಿಂತಿತ್ತು. ಬಾಗಿಲು ಹಾರುಹೊಡೆದಿದ್ದ ಮನೆಗಳನ್ನು ದಾಟುತ್ತ ಹತ್ತಿದೆವು. ಆಜಿಯ ಬಾಗಿಲ ಚಿಲಕವೂ ಕಿತ್ತುಬಂದಿತ್ತು. ಅವರು ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ಹೊದಿಕೆಯ ತುಂಬ ಗಾಜು, ಹಣೆಯಲ್ಲಿ ಒಂದು ಗೀರು.

"ಮೀ ನಾಹೀ ಯೇತ. ತುಮ್ಹೀ ಜಾ" ಎಂದರು. ತಾನು ಬರುವುದಿಲ್ಲ, ನೀವು ಹೋಗಿ ಎಂದು. ಅಮ್ಮ ಹೊದಿಕೆಯನ್ನು ಗಾಜಿನ ಸಮೇತ ಸುತ್ತಿ ಬದಿಗಿಟ್ಟು, ಹಾಲಿನಿಂದ ಪ್ಲಾಸ್ಟಿಕ್ ಕುರ್ಚಿ ತಂದಳು. ಇಬ್ಬರೂ ಸೇರಿ ಅವರನ್ನು ಕೂರಿಸಿ, ಸೀರೆಯೊಂದರಿಂದ ಕುರ್ಚಿಗೆ ಕಟ್ಟಿದೆವು. ಅಮ್ಮ ಹಿಂದೆ, ಮೇಲಿನ ಮೆಟ್ಟಿಲಲ್ಲಿ. ನಾನು ಮುಂದೆ, ಕುರ್ಚಿಯ ಕಾಲುಗಳನ್ನು ಹಿಡಿದು, ಹಿಮ್ಮುಖವಾಗಿ ಇಳಿಯಬೇಕು. ಕಾಣದ ಮೆಟ್ಟಿಲನ್ನು ಪಾದದಿಂದ ತಡವಿ ಹುಡುಕಬೇಕು.

ಮೂರನೇ ಮಹಡಿಯ ತಿರುವಿನಲ್ಲಿ ಇನ್ನೊಂದು ಸದ್ದಾಯಿತು. ಮೊದಲಿನಷ್ಟು ದೊಡ್ಡದಲ್ಲ. ಆದರೆ ನಾನು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. ಕುರ್ಚಿ ನನ್ನ ಹೊಟ್ಟೆಗೆ ಒತ್ತಿಕೊಂಡಿತ್ತು. ಅಮ್ಮ ಮೇಲಿನಿಂದ ಏನೋ ಹೇಳುತ್ತಿದ್ದಳು, ಕೇಳಿಸುತ್ತಿರಲಿಲ್ಲ. ಆಜಿ ಬಗ್ಗಿ ನನ್ನ ಮಣಿಕಟ್ಟು ಹಿಡಿದರು.

"ನೀನು ಹೊಡೆದಾಟದ ಕಥೆ ಬರೆಯುತ್ತೀಯಲ್ಲ, ಕೊನೆಗೆ ಯಾರು ಗೆಲ್ಲುತ್ತಾರೆ?" ಎಂದು ಹಿಂದಿಯಲ್ಲಿ ಕೇಳಿದರು.

"ಇನ್ನೂ ಬರೆದಿಲ್ಲ ಆಜಿ" ಎಂದೆ.

"ಹಾಗಾದರೆ ಕೆಳಗೆ ಹೋಗಿ ಬರೆ."

ಯಾಕೋ ಕಾಲು ಮುಂದಿನ ಮೆಟ್ಟಿಲನ್ನು ಹುಡುಕಿತು. ಎರಡನೇ ಮಹಡಿಗೆ ಬರುವಷ್ಟರಲ್ಲಿ ವಾಚ್‌ಮನ್ ಏದುಸಿರು ಬಿಡುತ್ತ ಹತ್ತಿ ಬಂದು ಒಂದು ಬದಿ ಹಿಡಿದುಕೊಂಡ. ನಮ್ಮ ಮನೆಯ ತೆರೆದ ಬಾಗಿಲನ್ನು ದಾಟಿದೆವು. ಕಪಾಟುಗಳ ನೆನಪೂ ಬರಲಿಲ್ಲ.

ಆಜಿಯ ಜೊತೆಗೇ ರಿಕ್ಷಾದಲ್ಲಿ ಕಲ್ಯಾಣ್‌ಗೆ ಹೋದೆವು. ಸಂಜೆ ಆಜಿಯ ಮಗ ವಾಚ್‌ಮನ್‌ನಿಂದ ವಿಳಾಸ ಕೇಳಿಕೊಂಡು ಅತ್ತೆಯ ಮನೆಗೆ ಬಂದ. ಲೋಕಲ್ಲಿನಲ್ಲಿ ನಿಂತು ದಾರಿಯುದ್ದಕ್ಕೂ ಫೋನ್ ಹಚ್ಚಿದ್ದನಂತೆ, ತಾಗಿರಲೇ ಇಲ್ಲ. ತಾಯಿಯನ್ನು ನೋಡಿ ಬಾಗಿಲಲ್ಲೇ ಕುಸಿದು ಕೂತ. ಕಾರ್ಖಾನೆಯೊಳಗಿದ್ದ ಕೆಲವರು ಉಳಿಯಲಿಲ್ಲವೆಂಬ ಸುದ್ದಿ ಆಗ ತಿಳಿಯಿತು. ಆ ಹೊತ್ತು ಯಾರೂ ಊಟ ಮಾಡಲಿಲ್ಲ.

ಮನೆಗೆ ಮರಳಿದಾಗ ಸಂಗ್ರಹವೆಲ್ಲ ಹಾಗೇ ಇತ್ತು. ಕವರುಗಳ ಮೇಲೆ ಕಪ್ಪು ಜಿಡ್ಡು ಕೂತಿತ್ತು, ಅಷ್ಟೇ. ನನಗೆ ಸಮಾಧಾನವಾಗಲಿಲ್ಲ. ಇಷ್ಟು ಕಾಗದದ ಪಕ್ಕದ ಕೋಣೆಯಲ್ಲೇ ಅಮ್ಮ ಮಲಗುತ್ತಾಳಲ್ಲ, ಬೆಂಕಿ ಬಿದ್ದರೆ ಎಂದು ಹೊಸದೊಂದು ಭಯ ಹುಟ್ಟಿತು. ಅರ್ಧಕ್ಕಿಂತ ಹೆಚ್ಚನ್ನು ನೆರೂಳಿನ ಸಂಪಾದಕರ ಗೋದಾಮಿಗೆ ಸಾಗಿಸಿದೆ. ಕುಕ್ಕರ್ ಕೂಗಿದರೂ ಗ್ಯಾಸ್ ಆರಿಸಲು ಓಡುತ್ತಿದ್ದೆ. ಗಣಪತಿಯ ಪಟಾಕಿಯ ದಿನಗಳಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕೂತೆ.

ಹೊಸ ಸಂಚಿಕೆಗೆ ಸ್ಫೋಟ ಬರೆಯಲಾರೆ ಎಂದು ಸಂಪಾದಕರಿಗೆ ಹೇಳಿದೆ. ಬರೆಯಲಾಗುವುದನ್ನು ಬರೆ ಎಂದರು. ಸಂಚಿಕೆಯುದ್ದಕ್ಕೂ ನನ್ನ ನಾಯಕಿ ಹಾರಲಿಲ್ಲ, ಮುದುಕಿಯೊಬ್ಬಳನ್ನು ಕುರ್ಚಿಯಲ್ಲಿ ಹೊತ್ತು ಮೆಟ್ಟಿಲು ಇಳಿದಳು. ಓದುಗರಲ್ಲಿ ಕೆಲವರಿಗೆ ಬೇಜಾರಾಯಿತು, ಕೆಲವರು ಮತ್ತೆ ಮತ್ತೆ ಓದಿದೆವೆಂದರು. ಆಜಿ ಮಾತ್ರ ಪುಟ ತಿರುವಿ, ತನ್ನ ಕೂದಲು ಅಷ್ಟು ಬೆಳ್ಳಗಿಲ್ಲ ಎಂದು ತಕರಾರು ಮಾಡಿದರು.

ನಾವು ಇನ್ನೂ ಅಲ್ಲೇ ಇದ್ದೇವೆ. ಬೇರೆ ಕಡೆ ಹೋಗೋಣವೆಂದರೆ ಅಮ್ಮ ಒಪ್ಪುವುದಿಲ್ಲ. ಮೊನ್ನೆ ಮೇಲಿನವರು ಮೇಜು ಎಳೆದ ಸದ್ದಿಗೆ ನಾನು ಎದ್ದು ನಿಂತಿದ್ದೆ. "ಮೇಜು ಮಾರಾಯ್ತಿ, ಕೂತ್ಕೋ" ಎಂದಳು ಅಮ್ಮ. ಕೂತೆ, ಆದರೆ ಸ್ವಲ್ಪ ಹೊತ್ತು ಬಾಗಿಲ ಕಡೆಗೇ ನೋಡುತ್ತಿದ್ದೆ.